ಅಟ್ಟದ ಮೇಲಿನ ಕಂಪ್ಯೂಟರಿನಲ್ಲಿ ಊರಿನ ಬರಹವಿದೆ

ಹಳೆಯ ಕಂಪ್ಯೂಟರಿಗೆ ಗುಜರಿ ಅಂಗಡಿಯಲ್ಲಿ ಬೆಲೆ ಕಟ್ಟುವುದು ತೂಕದ ಮೇಲೆ. ಒಳಗೆ ಏನಿದೆ ಎಂದು ಕೊಳ್ಳುವವರು ಕೇಳುವುದಿಲ್ಲ, ಕೊಡುವವರು ಹೇಳುವುದಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಲ್ಲಿ ಮೊಳೆ ಜೋಡಿಸುವ ಕಾಲ ಮುಗಿದು ಡಿಟಿಪಿ ಬಂದ ಮೇಲೆ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ, ಹವ್ಯಾಸಿ ಕವಿಯ ಮೊದಲ ಸಂಕಲನ ಎಲ್ಲವೂ ಸಿದ್ಧವಾದದ್ದು ಕಂಪ್ಯೂಟರಿನಲ್ಲೇ. ಹೊಸ ಯಂತ್ರ ಬಂದಾಗ ಹಳೆಯದು ಮೂಲೆ ಸೇರುತ್ತದೆ, ಮೂಲೆಯಿಂದ ಅಟ್ಟಕ್ಕೆ ಏರುತ್ತದೆ, ಅಟ್ಟದಿಂದ ಗುಜರಿಗೆ ಇಳಿಯುತ್ತದೆ. ಇಂಥ ಯಂತ್ರಗಳನ್ನು ಹುಡುಕಿ ತಂದು, ದೂಳು ಒರೆಸಿ, ಕೆಟ್ಟ ಭಾಗ ಬದಲಿಸಿ, ಸಾಮರ್ಥ್ಯ ಹೆಚ್ಚಿಸಿ ಮತ್ತೆ ಓಡಿಸುವ ಹವ್ಯಾಸವೊಂದು ಜಗತ್ತಿನ ಹಲವೆಡೆ ಬೆಳೆದಿದೆ. ನಮ್ಮಲ್ಲಿ ಅದನ್ನು ಬಿಡುವಾಗಿರುವವರ ಗೀಳು ಎಂದು ನೋಡುವವರೇ ಹೆಚ್ಚು. ಆದರೆ ಕನ್ನಡದ ಮಟ್ಟಿಗೆ ಅದು ಶಾಸನ ಸಂಗ್ರಹಕ್ಕೆ ಸಮೀಪದ ಕೆಲಸ ಎಂಬುದು ನನ್ನ ವಾದ. 1980ರ ದಶಕದ ಕೊನೆಯಿಂದ ಈ ಶತಮಾನದ ಆರಂಭದವರೆಗೆ ಕಂಪ್ಯೂಟರಿಗೆ ಇಳಿಸಿದ ಕನ್ನಡದ ಬಹುಪಾಲು, ಆ ಕಾಲದ ಯಂತ್ರದ ನೆರವಿಲ್ಲದೆ ಸರಿಯಾಗಿ ಓದಲು ಸಿಗುವುದಿಲ್ಲ.

ಇದಕ್ಕೆ ಕಾರಣ ನಮ್ಮ ಲಿಪಿ ಕಂಪ್ಯೂಟರಿಗೆ ಬಂದ ಬಗೆ. 1990ರಲ್ಲಿ ಟೈಪ್ ಮಾಡಿದ ಇಂಗ್ಲಿಷಿನ ಸಾದಾ ಕಡತ ಇವತ್ತಿನ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ. ಕನ್ನಡಕ್ಕೆ ಆ ಭಾಗ್ಯವಿಲ್ಲ. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳನ್ನು ಪರದೆಗೆ ತಂದದ್ದು ಮದರ್‌ಬೋರ್ಡಿಗೆ ಸಿಕ್ಕಿಸುವ ಒಂದು ಕಾರ್ಡಿನ ಮೂಲಕ. ಅದು ಕೂರುತ್ತಿದ್ದ ಐಎಸ್‌ಎ ಸ್ಲಾಟು 2000ದ ಆಚೀಚೆ ಹೊಸ ಬೋರ್ಡುಗಳಿಂದ ಮರೆಯಾಯಿತು. ವಿಂಡೋಸ್ ಬಂದ ಮೇಲೆ ಶ್ರೀಲಿಪಿ, ಆಕೃತಿ, ಬರಹ, ನುಡಿ ಬಳಕೆಗೆ ಬಂದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿದ ಫಾಂಟುಗಳು ಇವುಗಳಲ್ಲಿದ್ದವು, ಕೂರಿಸಿದ ಕ್ರಮ ಎಲ್ಲದರಲ್ಲೂ ಒಂದೇ ಅಲ್ಲ. ಫಾಂಟು ತಪ್ಪಿದರೆ ಇಡೀ ಪುಟ ಅರ್ಥವಿಲ್ಲದ ಚಿಹ್ನೆಗಳ ಸಾಲು. ಕೆಲವು ತಂತ್ರಾಂಶಗಳಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಪುಟ್ಟ ಲಾಕ್ ಬೇಕಿತ್ತು, ಲಾಕ್ ಕಳೆದರೆ ತಂತ್ರಾಂಶವೇ ಕೆಲಸ ಮಾಡದು. ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರ್‌ನಲ್ಲಿ. 2001ರ 7.0 ಅದರ ಕೊನೆಯ ಆವೃತ್ತಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಈಚಿನ ಆವೃತ್ತಿಗಳು ಪೇಜ್‌ಮೇಕರ್ ಕಡತಗಳನ್ನು ತೆರೆಯುವುದನ್ನೇ ಬಿಟ್ಟಿವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಸಾಮಾನ್ಯರ ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಕಾಣಿಸಿಕೊಂಡದ್ದು 2001ರ ಎಕ್ಸ್‌ಪಿಯಿಂದ. ಡಿಟಿಪಿ ಅಂಗಡಿಗಳು ಅದಾದ ಮೇಲೂ ಬಹಳ ವರ್ಷ ಹಳೆಯ ಫಾಂಟುಗಳನ್ನು ಬಿಡಲಿಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ, ಬೇಲೂರಿಗೆ ನೆರೆಯ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಹಿಡಿದ ಹಠ, ಇವೆಲ್ಲ ಈ ಕಾಲಘಟ್ಟದವು. ಆ ಶ್ರಮ ಪರದೆಯ ಮೇಲೆ ಹೇಗೆ ಕಾಣುತ್ತಿತ್ತು ಎಂದು ಇಂದಿನ ವಿದ್ಯಾರ್ಥಿಗೆ ತೋರಿಸಬೇಕೆಂದರೂ ಆ ಯಂತ್ರ ಓಡಬೇಕು.

ಶಾಸನದ ಹೋಲಿಕೆ ತಂದದ್ದು ಈ ಸೀಮೆಯ ಅಭಿಮಾನಕ್ಕಾಗಿ ಮಾತ್ರವಲ್ಲ. ಸುಮಾರು ಕ್ರಿ.ಶ. 450ರದೆಂದು ಸಾಮಾನ್ಯವಾಗಿ ಹೇಳುವ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತರುವವರೆಗೆ ಕಲ್ಲು ಕಾದಿತ್ತು. ಅದಕ್ಕೂ ಮೊದಲು 1902ರಲ್ಲಿ ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಅಚ್ಚು ಮಾಡಿಸಿದಾಗ ಬೇಲೂರಿಗೆ ಬೇರೆ, ಅರಸೀಕೆರೆಗೆ ಬೇರೆ ಎಂದು ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದರು. ಅರಮನೆಯ ಮಾತಿನ ಜೊತೆಗೆ ಕೆರೆ, ಗದ್ದೆ, ದತ್ತಿ, ತೆರಿಗೆ, ಊರ ಜಗಳ ಎಲ್ಲವೂ ಆ ಕಲ್ಲುಗಳಲ್ಲಿವೆ. ಹೊಯ್ಸಳರ ಕಾಲದ ಸಾಮಾನ್ಯರ ಬದುಕು ನಮಗೆ ಗೊತ್ತಾದದ್ದು ಹೀಗೆ, ಸಣ್ಣಪುಟ್ಟ ಬರಹಗಳನ್ನೂ ಬಿಡದೆ ಎಣಿಸಿದವರಿಂದ. ನಮ್ಮ ಕಾಲದ ಸಣ್ಣಪುಟ್ಟ ಬರಹ ಇರುವುದು ಫ್ಲಾಪಿಯಲ್ಲಿ, ಹಾರ್ಡ್‌ಡಿಸ್ಕಿನಲ್ಲಿ. ಇವು ಕಲ್ಲಿನಂತೆ ಕಾಯುವುದಿಲ್ಲ. ಮಲೆನಾಡ ಸೆರಗಿನ ಬೇಲೂರಿನ ತೇವಕ್ಕೆ ಫ್ಲಾಪಿಯ ತೆಳು ಹಾಳೆಗೆ ಬೂಸ್ಟು ಹಿಡಿಯುತ್ತದೆ, ಅರಸೀಕೆರೆಯ ಬಯಲಿನ ದೂಳು ಡ್ರೈವಿನ ಹೆಡ್ಡಿಗೆ ಮೆತ್ತುತ್ತದೆ. ಫ್ಲಾಪಿ ಮಾರುತ್ತಿದ್ದ ದೊಡ್ಡ ಕಂಪನಿ ಸೋನಿ 2011ರಲ್ಲೇ ಅದರಿಂದ ಕೈತೊಳೆದುಕೊಂಡಿತು.

ಯಂತ್ರ ಏಕೆ, ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದರೆ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪರಿವರ್ತಕಗಳಿವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ. ತಪ್ಪಾಗಿದೆ ಎಂದು ಗೊತ್ತಾಗಬೇಕಾದರೆ ಮೂಲ ಪುಟ ಕಣ್ಣೆದುರು ಇರಬೇಕು, ಮೂಲ ಪುಟ ಕಾಣುವುದು ಮೂಲ ತಂತ್ರಾಂಶದಲ್ಲಿ. ಅದಕ್ಕೂ ಮೊದಲು ಕಡತ ಫ್ಲಾಪಿಯಿಂದ ಹೊರಗೆ ಬರಬೇಕಲ್ಲ, ಐದೂಕಾಲು ಇಂಚಿನ ಫ್ಲಾಪಿ ಡ್ರೈವ್ ಯಾರ ಮನೆಯಲ್ಲಿದೆ? ಹಳೆಯ ಯಂತ್ರವನ್ನು ಹೊಸದರೊಳಗೆ ಅನುಕರಿಸುವ ಎಮ್ಯುಲೇಟರುಗಳಿವೆ ಎನ್ನಬಹುದು. ಜಗತ್ತಿನಾದ್ಯಂತ ಮಾರಾಟವಾದ ಯಂತ್ರಗಳಿಗೆ ಅವು ಒದಗುತ್ತವೆ. ಭಾರತೀಯ ಲಿಪಿಗಳಿಗೆಂದೇ ಮಾಡಿದ ಕಾರ್ಡನ್ನೋ ಲಾಕನ್ನೋ ಅನುಕರಿಸಬೇಕಾದರೆ ಯಾರಾದರೂ ಅದರ ಒಂದು ಮಾದರಿಯನ್ನಾದರೂ ಉಳಿಸಿರಬೇಕು. ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ 1985ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳು ಸುಮಾರು ಮೂವತ್ತು ವರ್ಷ ಫ್ಲಾಪಿಗಳಲ್ಲಿ ಉಳಿದಿದ್ದವು. 2014ರಲ್ಲಿ ಅವು ಬೆಳಕು ಕಂಡದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನ ನೆರವಿನಿಂದ. ಅವನ್ನು ಕಾಯ್ದಿಟ್ಟ ಮ್ಯೂಸಿಯಂ ಇತ್ತು, ಫ್ಲಾಪಿಗಳೂ ಇದ್ದವು. ಹಳೆಯ ಯಂತ್ರಗಳೊಡನೆ ಒಡನಾಡಿ ಪಳಗಿದ ಹವ್ಯಾಸಿಗಳು ಬರುವ ತನಕ ಚಿತ್ರ ಸಿಗಲಿಲ್ಲ.

ಸಂಗ್ರಹಿಸುವುದೆಂದರೆ ಇದ್ದ ಹಾಗೆಯೇ ಇಡುವುದು, ಹಾಗಿದ್ದ ಮೇಲೆ ಅಪ್‌ಗ್ರೇಡ್ ಮಾಡುವುದು ಮೂಲವನ್ನು ಕೆಡಿಸಿದಂತಲ್ಲವೇ ಎಂದು ಕೆಲವು ಸಂಗ್ರಾಹಕರೇ ಆಕ್ಷೇಪಿಸುತ್ತಾರೆ. ಮುಟ್ಟದೆ ಇಟ್ಟರೆ ಈ ಯಂತ್ರಗಳು ತಾವಾಗಿ ಸಾಯುತ್ತವೆ ಎಂಬುದು ಅದಕ್ಕೆ ಉತ್ತರ. ಹಲವು 386, 486 ಬೋರ್ಡುಗಳ ಮೇಲೆ ಬೆಸೆದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲಕ್ರಮದಲ್ಲಿ ಸೋರಿ ತಾಮ್ರದ ಗೆರೆಗಳನ್ನು ಹಸಿರು ಕಿಲುಬಾಗಿ ತಿಂದುಹಾಕುತ್ತದೆ. ಈ ಶತಮಾನದ ಮೊದಲ ವರ್ಷಗಳ ಅನೇಕ ಬೋರ್ಡುಗಳಲ್ಲಿ ಕೆಪಾಸಿಟರುಗಳು ಉಬ್ಬಿ ಒಡೆಯುತ್ತವೆ. ಆದ್ದರಿಂದ ಮೊದಲ ಕೆಲಸ ಬ್ಯಾಟರಿ ಕೀಳುವುದು, ಪವರ್ ಸಪ್ಲೈ ಪರೀಕ್ಷಿಸುವುದು. ಅದಕ್ಕೆ ಮುಂಚೆ ಕರೆಂಟು ಕೊಡಲೇಬಾರದು. ಆಮೇಲೆ ಹಾರ್ಡ್‌ಡಿಸ್ಕಿನ ಪೂರ್ತಿ ಪ್ರತಿ ತೆಗೆದು, ಅದರ ಬದಲಿಗೆ ಸಣ್ಣ ಅಡಾಪ್ಟರಿನೊಂದಿಗೆ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಕೂರಿಸಬಹುದು. ಪೆನ್‌ಡ್ರೈವನ್ನೇ ಫ್ಲಾಪಿಯೆಂದು ಯಂತ್ರ ನಂಬುವಂತೆ ಮಾಡುವ ಡ್ರೈವುಗಳೂ ಸಿಗುತ್ತವೆ. ಇಂಥ ಅಪ್‌ಗ್ರೇಡ್ ಯಂತ್ರದ ಆಯುಸ್ಸು ಹೆಚ್ಚಿಸುತ್ತದೆ, ಬೇಕೆಂದಾಗ ಮೊದಲಿನಂತೆ ಮಾಡಲೂ ಬರುತ್ತದೆ. ಹಳೆಯ ಕ್ಯಾಬಿನೆಟ್ಟಿನ ಹೊಟ್ಟೆ ಬಗೆದು ಹೊಸ ಬೋರ್ಡು ತುರುಕಿ ಶೋಕಿಗೆ ಇಡುವುದನ್ನು ಮಾತ್ರ ನಾನು ಒಪ್ಪಲಾರೆ. ತೆಗೆದ ಒಂದೊಂದು ಭಾಗಕ್ಕೂ ಚೀಟಿ ಅಂಟಿಸಿ ಎತ್ತಿಡುವುದು ಈ ಹವ್ಯಾಸದ ಕಟ್ಟುಪಾಡಾಗಬೇಕು.

ಇ-ತ್ಯಾಜ್ಯದ ಮಾತೂ ಬರುತ್ತದೆ. ಹಳೆಯ ಗಾಜಿನ ಮಾನಿಟರಿನಲ್ಲಿ ಸೀಸವಿದೆ, ಬೋರ್ಡಿನಲ್ಲೂ ಇದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅವು ನೋಂದಾಯಿತ ಮರುಬಳಕೆ ಘಟಕಗಳಿಗೇ ಹೋಗಬೇಕು. ಎಲ್ಲ ಯಂತ್ರಗಳನ್ನೂ ಉಳಿಸಿ ಎಂದು ನಾನು ಹೇಳುತ್ತಿಲ್ಲ. ಊರಿಗೆ ಡಾಸ್ ಕಾಲದ್ದೊಂದು, ವಿಂಡೋಸ್ 98ರ ಕಾಲದ್ದೊಂದು ಓಡುತ್ತಿದ್ದರೆ ಸಾಕು, ಉಳಿದವು ಬಿಡಿಭಾಗ ಕೊಟ್ಟು ಸರಿಯಾದ ಕಡೆ ಹೋಗಲಿ. ಇದಕ್ಕಿಂತ ತೂಕದ ಆಕ್ಷೇಪ ಖಾಸಗಿತನದ್ದು. ಡಿಟಿಪಿ ಅಂಗಡಿಯ ಡಿಸ್ಕಿನಲ್ಲಿ ಕ್ರಯಪತ್ರ, ಅರ್ಜಿ, ಮನೆಯೊಳಗಿನ ಕಾಗದಗಳೂ ಇರುತ್ತವೆ. ಅಂಗಡಿಯವರನ್ನು ಕೇಳದೆ ಡಿಸ್ಕನ್ನು ಹವ್ಯಾಸಿ ತೆರೆಯಬಾರದು, ಅಚ್ಚಾಗಿ ಜನರ ಕೈ ಸೇರಿದ್ದನ್ನು ಮಾತ್ರ ಹಂಚಿಕೊಳ್ಳಬೇಕು. ಗುಜರಿಗೆ ಹೋದ ಡಿಸ್ಕಿಗೆ ಈ ಯಾವ ಕಾವಲೂ ಇಲ್ಲ ಎಂಬುದನ್ನೂ ನೆನೆಯಬೇಕು.

ಭೂಮಿ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಹೋದ ಪಹಣಿ ಇಂದಿಗೂ ಕೈಗೆ ಸಿಗುತ್ತದೆ, ಏಕೆಂದರೆ ಅದು ಸರ್ಕಾರದ ಹೊಣೆ. ಊರಿನ ಉಳಿದ ಬರಹಕ್ಕೆ ಹೊಣೆಗಾರರಿಲ್ಲ. ಅರಸೀಕೆರೆ, ಬೇಲೂರಿನ ಸಾರ್ವಜನಿಕ ಗ್ರಂಥಾಲಯಗಳು ಒಂದು ಮೇಜು, ಒಂದು ಪ್ಲಗ್ ಪಾಯಿಂಟ್ ಕೊಟ್ಟರೆ ಹವ್ಯಾಸಿಗಳು ಉಳಿದದ್ದನ್ನು ನೋಡಿಕೊಳ್ಳಬಲ್ಲರು. ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳಿಗೆ ಬೆಸುಗೆ ಕೆಲಸ ಕಲಿಯಲು ಇದಕ್ಕಿಂತ ಅಗ್ಗದ ಪಾಠಶಾಲೆಯೂ ಸಿಗದು. ಪ್ರೆಸ್ಸು, ಡಿಟಿಪಿ ಅಂಗಡಿ ನಡೆಸಿದವರಲ್ಲಿ ನನ್ನ ಕೋರಿಕೆ ಇಷ್ಟು: ಅಟ್ಟ ತೆರವು ಮಾಡುವ ದಿನ ಹಾರ್ಡ್‌ಡಿಸ್ಕ್, ಫ್ಲಾಪಿ ಡಬ್ಬಿ ಮತ್ತು ಪ್ರಿಂಟರ್ ಪೋರ್ಟಿನ ಆ ಪುಟ್ಟ ಲಾಕ್, ಈ ಮೂರನ್ನು ದಯವಿಟ್ಟು ತೆಗೆದಿಡಿ.