ಕಿರುದೋಣಿಯ ಪೌರುಷ

ರಥಿಕನು ರಥಿಕನನ್ನೂ ಗಜಾರೋಹಿಯು ಗಜಾರೋಹಿಯನ್ನೂ ಎದುರಿಸತಕ್ಕದ್ದೆಂದು ಕುರುಕ್ಷೇತ್ರದಲ್ಲಿ ಕಾಳಗಕ್ಕೆ ಮೊದಲೇ ಕಟ್ಟುಪಾಡಾಗಿತ್ತು. ಅದು ಎಷ್ಟು ದಿನ ಬಾಳಿತೆಂಬುದನ್ನು ಓದುಗರು ಬಲ್ಲರು. ಕಡಲ ಯುದ್ಧದಲ್ಲಿಯೂ ಹಿರಿಯ ಹಡಗಿಗೆ ಹಿರಿಯ ಹಡಗೇ ಎದುರಾಳಿಯೆಂಬ ಭಾವನೆ ಬಹುಕಾಲವಿತ್ತು. ಟಾರ್ಪಿಡೊ, ಜಲಾಂತರ್ಗಾಮಿಗಳು ಅದನ್ನು ಅಲುಗಿಸಿದವು. 1967ರ ಅಕ್ಟೋಬರ್ 21ರಂದು ಅದು ಮುರಿದೇ ಬಿದ್ದಿತು. ಅಂದು ಪೋರ್ಟ್ ಸೈದ್ ಬಂದರಿನಿಂದ ಈಜಿಪ್ಟಿನ ಪುಟ್ಟ ದೋಣಿಗಳು ಹಾರಿಸಿದ ಸೋವಿಯತ್ ಕ್ಷಿಪಣಿಗಳು ಇಸ್ರೇಲಿನ ‘ಐಲಾತ್’ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು. 47 ಮಂದಿ ಮಡಿದರು.

ನಮ್ಮ ನೌಕಾಪಡೆಯೂ ಈ ವಿದ್ಯೆಯನ್ನು ಬೇಗನೆ ಕೈವಶ ಮಾಡಿಕೊಂಡಿತು. 1971ರ ಡಿಸೆಂಬರ್ 4ರ ರಾತ್ರಿ ‘ನಿರ್ಘಾತ್’, ‘ನಿಪಾತ್’, ‘ವೀರ್’ ಎಂಬ ಮೂರು ಕ್ಷಿಪಣಿದೋಣಿಗಳು ಕರಾಚಿಯವರೆಗೆ ಹೋಗಿ ‘ಖೈಬರ್’ ನೌಕೆಯನ್ನು ಕಡಲಿಗಿಳಿಸಿ ಬಂದವು. (ವ್ಯಾಕರಣ ಹೇಳುವ ನಮ್ಮಂಥವರಿಗೆ ನಿಪಾತವೆಂದರೆ ಅವ್ಯಯ, ನೌಕಾಪಡೆಗೆ ಅದು ಕೆಡಹುವಿಕೆ!)

ಹೀಗಿರುವುದರಿಂದ ಯಂತ್ರವಿದ್ಯೆ ದುರ್ಬಲನ ಗೆಳೆಯನೆಂದು ಹೇಳುವವರುಂಟು. ನನಗೆ ಆ ಮಾತು ಅರ್ಧಸತ್ಯವಾಗಿ ತೋರುತ್ತದೆ. ಐಲಾತ್ ಮುಳುಗಿ ಆರು ವರ್ಷ ತುಂಬುವ ಮೊದಲೇ, 1973ರ ಅಕ್ಟೋಬರಿನಲ್ಲಿ, ಲಟಾಕಿಯಾದ ಬಳಿ ಸಿರಿಯದ ದೋಣಿಗಳು ಅದೇ ಕ್ಷಿಪಣಿಗಳನ್ನು ಹೂಡಿದವು. ಇಸ್ರೇಲ್ ಅಷ್ಟರಲ್ಲಿ ತಾನೂ ಕ್ಷಿಪಣಿದೋಣಿಗಳನ್ನು ಕಟ್ಟಿ, ಬರುವ ಕ್ಷಿಪಣಿಯ ಕಣ್ಣು ಕಟ್ಟುವ ಎಲೆಕ್ಟ್ರಾನಿಕ್ ಉಪಾಯವನ್ನೂ ಕಲಿತಿತ್ತು. ಒಂದು ಕ್ಷಿಪಣಿಯೂ ಗುರಿ ಮುಟ್ಟಲಿಲ್ಲ. ಮುಳುಗಿದವು ಸಿರಿಯದ ದೋಣಿಗಳೇ. ಕ್ಷಿಪಣಿಗೆ ಕೊಟ್ಟವನ ನೆನಪಿಲ್ಲ, ಹಿಡಿದವನ ಮೇಲೆ ಮಮತೆಯೂ ಇಲ್ಲ.

ಈಗ ಕಪ್ಪುಸಮುದ್ರವನ್ನು ನೋಡಿ. 2024ರ ಫೆಬ್ರವರಿ 1ರಂದು ಕ್ರೈಮಿಯಾದ ಬಳಿ ರಷ್ಯದ ‘ಇವಾನೊವೆತ್ಸ್’ ಹಡಗನ್ನು ಉಕ್ರೇನಿನ ಆಳಿಲ್ಲದ ದೋಣಿಗಳು ಮುಳುಗಿಸಿದವು. ಒಂದೊಂದರ ಉದ್ದ ಸುಮಾರು ಐದೂವರೆ ಮೀಟರ್. ವಿಚಿತ್ರವೆಂದರೆ ಇವಾನೊವೆತ್ಸ್ ಕೂಡ ಕ್ಷಿಪಣಿ ಹೊತ್ತ ಹಡಗೇ. ಐಲಾತನ್ನು ಬೇಟೆಯಾಡಿದ ದೋಣಿಗಳ ವಂಶದ್ದು.

ಉಕ್ರೇನನ್ನು ನಾನು ಆಕ್ಷೇಪಿಸುತ್ತಿಲ್ಲ. ಮನೆಗೆ ನುಗ್ಗಿದವನನ್ನು ಸಿಕ್ಕಿದ್ದರಿಂದ ಹೊಡೆಯುವುದು ನ್ಯಾಯವೇ. ಒಡೆಸ್ಸಾದಿಂದ ಧಾನ್ಯದ ಹಡಗುಗಳು ಮತ್ತೆ ಹೊರಟುದಕ್ಕೆ ಈ ದೋಣಿಗಳ ಸಹಾಯವೂ ಉಂಟು. ನನ್ನನ್ನು ಕಾಡುವುದು ಬೇರೊಂದು. ಕರಾಚಿಗೆ ಹೋದವರು ತಮ್ಮ ಪ್ರಾಣವನ್ನೂ ಪಣವೊಡ್ಡಿ ಹೋದರು. ವೀರವೆಂಬ ರಸಕ್ಕೆ ಆ ಪಣವೇ ಆಧಾರವೆಂದು ನಾವು ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ದೋಣಿಯಲ್ಲಿ ಆಳೇ ಇಲ್ಲದ ಮೇಲೆ ಅದನ್ನು ಎಲ್ಲಿ ಹುಡುಕುವುದು?

ನಮ್ಮ ಹುಡುಗನೊಬ್ಬ ಆ ದೋಣಿಯ ಕ್ಯಾಮೆರಾ ತೆಗೆದ ಚಿತ್ರವನ್ನು ತನ್ನ ಫೋನಿನಲ್ಲಿ ತೋರಿಸಿ ಹಿಗ್ಗಿದ. ಹಡಗಿನ ಗೋಡೆ ಹತ್ತಿರ ಹತ್ತಿರ ಬಂದು ಚಿತ್ರ ನಿಂತುಹೋಯಿತು. ಗೋಡೆಯ ಆಚೆ ಎಷ್ಟು ಜನರಿದ್ದರು ಎಂದು ಕೇಳಿದೆ. ಅವನು ಮತ್ತೊಮ್ಮೆ ಮೊದಲಿನಿಂದ ನೋಡತೊಡಗಿದ.