ಹೆಸರು ಮರೆತ ಯಂತ್ರ

ಮನುಷ್ಯನ ಹವ್ಯಾಸಗಳಿಗೆ ಲೆಕ್ಕವಿಲ್ಲ. ಅಂಚೆಚೀಟಿಗಳನ್ನು ಕೂಡಿಡುವವರುಂಟು, ನಿಂತುಹೋದ ಗೋಡೆಗಡಿಯಾರವನ್ನು ಬಿಚ್ಚಿ ಮತ್ತೆ ನಡೆಸುವವರುಂಟು, ಹಳೆಯ ರೇಡಿಯೋವಿನ ವಾಲ್ವುಗಳಿಗಾಗಿ ಗುಜರಿ ಅಂಗಡಿಗಳನ್ನು ಸುತ್ತುವವರುಂಟು. ಈ ಪಂಕ್ತಿಗೆ ಈಚೆಗೆ ಇನ್ನೊಂದು ಕುಲದವರು ಬಂದು ಸೇರಿದ್ದಾರೆ. ತಯಾರಿಕೆ ನಿಂತು ದಶಕಗಳೇ ಕಳೆದ ಗಣಕಯಂತ್ರಗಳನ್ನು ಮನೆಗೆ ತಂದು, ಅವಕ್ಕೆ ಪುನಃ ಜೀವ ಬರಿಸುವುದೇ ಇವರ ಕಾಯಕ. “ಅಂಗೈಯಗಲದ ಫೋನು ಅದಕ್ಕಿಂತ ಸಾವಿರ ಪಾಲು ಚುರುಕಾಗಿರುವಾಗ ಈ ಪೆಟ್ಟಿಗೆಯೊಡನೆ ಹೆಣಗುವುದೇಕೆ?” ಎಂದು ಮನೆಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಉತ್ತರ ಹೇಳಬೇಕಾದರೆ ಅಂಥ ಒಂದು ಯಂತ್ರದ ಕಥೆಯನ್ನೇ ಹೇಳಬೇಕು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೮೨ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದ ನಾಲ್ವರಲ್ಲಿ ದೆಹಲಿಯ ಐ.ಐ.ಟಿ.ಯಲ್ಲಿ ಓದಿದ ವಿನೋದ್ ಖೋಸ್ಲಾ ಒಬ್ಬರು. ಎಂಜಿನಿಯರುಗಳೂ ವಿಜ್ಞಾನಿಗಳೂ ತಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡು ದುಡಿಸಬಹುದಾದ ಬಲಶಾಲಿ ಗಣಕಗಳನ್ನು ಈ ಸಂಸ್ಥೆ ತಯಾರಿಸುತ್ತಿದ್ದಿತು. ಇವಕ್ಕೆ ವರ್ಕ್‌ಸ್ಟೇಷನ್ ಎಂದು ಹೆಸರು. ೧೯೮೯ರಲ್ಲಿ ಹೊರಬಂದ ಸ್ಪಾರ್ಕ್‌ಸ್ಟೇಷನ್ ೧ ಹದಿನಾರು ಅಂಗುಲ ಚೌಕದ, ಮೂರು ಅಂಗುಲ ಎತ್ತರದ ಚಪ್ಪಟೆ ಪೆಟ್ಟಿಗೆ. ಜನ ಅದನ್ನು ‘ಪಿಜ್ಜಾ ಡಬ್ಬಿ’ ಎಂದೇ ಕರೆದರು. ಅದರ ಸಂತತಿಯ ಸ್ಪಾರ್ಕ್‌ಸ್ಟೇಷನ್ ೨೦ ಯಂತ್ರಗಳು ೧೧೭ ಒಂದಾಗಿ ದುಡಿದು, ೧೯೯೫ರಲ್ಲಿ ತೆರೆಕಂಡ ‘ಟಾಯ್ ಸ್ಟೋರಿ’ ಚಿತ್ರದ ಒಂದೊಂದು ದೃಶ್ಯವನ್ನೂ ಮೂಡಿಸಿದವು. ಇಷ್ಟೆಲ್ಲ ವೈಭವ ಕಂಡ ಸಂಸ್ಥೆಯನ್ನು ೨೦೧೦ರಲ್ಲಿ ಒರಾಕಲ್ ಕೊಂಡುಕೊಂಡಿತು. ಯಂತ್ರಗಳು ಅದಕ್ಕೆ ಎಷ್ಟೋ ಮೊದಲೇ ಅಟ್ಟಗಳನ್ನೂ ಉಗ್ರಾಣಗಳನ್ನೂ ಸೇರಿದ್ದವು.

ಅಂಥ ಒಂದು ಪೆಟ್ಟಿಗೆಯನ್ನು ಇಂದು ಧೂಳು ಕೊಡವಿ ವಿದ್ಯುತ್ತಿಗೆ ಜೋಡಿಸಿದರೆ ಅದು ಸಾಮಾನ್ಯವಾಗಿ ಏಳುತ್ತದೆ. ಎದ್ದೊಡನೆ ಒಂದು ದೂರನ್ನು ತೆರೆಯ ಮೇಲೆ ಬರೆಯುತ್ತದೆ: ತನ್ನ ಗುರುತಿನ ಬರಹ ಕೆಟ್ಟಿದೆಯೆಂದು! ಯಂತ್ರದ ಬುದ್ಧಿ ಕೆಟ್ಟಿಲ್ಲ, ಬಲ ಕುಗ್ಗಿಲ್ಲ. ತನ್ನ ಹೆಸರನ್ನಷ್ಟೇ ಅದು ಮರೆತಿದೆ.

ಕಾರಣ ಸಣ್ಣದು. ಯಂತ್ರದ ಒಳಗೆ ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಒಂದು ಚಿಪ್ ಇದೆ. ದಿನಾಂಕ, ವೇಳೆ ಮತ್ತು ಯಂತ್ರದ ಗುರುತು ಈ ಚಿಪ್ಪಿನಲ್ಲಿರುತ್ತವೆ. ವಿದ್ಯುತ್ತು ಇಲ್ಲದಾಗಲೂ ಇವು ಅಳಿಯದಿರಲೆಂದು ಒಂದು ಲಿಥಿಯಂ ಬ್ಯಾಟರಿಯನ್ನು ಚಿಪ್ಪಿನೊಳಗೇ ಇಟ್ಟು, ಮೇಲೆ ಗಟ್ಟಿಯಾದ ಅಂಟನ್ನು ಹೊಯ್ದು ಮುಚ್ಚಿದ್ದಾರೆ. ಅದರ ಆಯುಸ್ಸು ಸುಮಾರು ಹತ್ತು ವರ್ಷ. ಬ್ಯಾಟರಿ ಸತ್ತರೆ ಚಿಪ್ಪನ್ನೇ ಬದಲಿಸಬೇಕೆಂಬುದು ತಯಾರಕರ ಎಣಿಕೆ. ಆದರೆ ತಯಾರಕರೇ ಇಲ್ಲದ ಕಾಲದಲ್ಲಿ ಏನು ಮಾಡಬೇಕು?

ಹವ್ಯಾಸಿಗಳು ಕಂಡುಕೊಂಡ ಉಪಾಯ ನಮ್ಮ ಗಡಿಯಾರ ರಿಪೇರಿಯವರು ಮೆಚ್ಚುವಂಥದು. ಚಿಪ್ಪಿನ ಒಂದು ಅಂಚನ್ನು ಅರದಿಂದ ಮೆಲ್ಲಗೆ ಉಜ್ಜಿ, ಒಳಗಿನ ಲೋಹದ ಎಳೆಗಳನ್ನು ಬಯಲು ಮಾಡುತ್ತಾರೆ. ಸತ್ತ ಬ್ಯಾಟರಿಯ ಸಂಬಂಧವನ್ನು ಕತ್ತರಿಸುತ್ತಾರೆ. ಎರಡು ತಂತಿಗಳನ್ನು ಬೆಸುಗೆ ಹಾಕಿ, ಬೀದಿಯ ಅಂಗಡಿಯಲ್ಲಿ ಸಿಕ್ಕುವ ಮೂರು ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯನ್ನು ಜೋಡಿಸುತ್ತಾರೆ. ಮುಂದೆ ಅದು ಸತ್ತಾಗ ಉಜ್ಜುವ ಕೆಲಸವಿಲ್ಲ, ಹೊಸದನ್ನು ಸಿಕ್ಕಿಸಿದರಾಯಿತು. ರಿಪೇರಿಯಾದ ವಸ್ತು ಮೂಲಕ್ಕಿಂತ ಮೇಲಾಗುವುದೆಂದರೆ ಇದೇ ಅಲ್ಲವೇ?

ಇನ್ನು ನಾಮಕರಣ. ಯಂತ್ರ ‘ಓಕೆ’ ಎಂದು ಬರೆದು ಆಜ್ಞೆಗಾಗಿ ಕಾದಿರುತ್ತದೆ. ಹವ್ಯಾಸಿಯು ಹದಿನಾರು ಸಂಖ್ಯೆಗಳನ್ನು ಒಂದೊಂದಾಗಿ ಅದಕ್ಕೆ ಹೇಳಿಕೊಡಬೇಕು. ಯಂತ್ರದ ಜಾತಿ, ಜಾಲದಲ್ಲಿ ಅದರ ವಿಳಾಸ, ಹುಟ್ಟಿದ ದಿನ, ಕ್ರಮಸಂಖ್ಯೆ ಎಲ್ಲವೂ ಅದರಲ್ಲಿ ಅಡಕ. ಕೊನೆಯ ಸಂಖ್ಯೆ ಮೊದಲಿನ ಹದಿನೈದರೊಡನೆ ತಾಳೆಯಾಗಬೇಕು. ಶ್ಯಾನುಭೋಗರ ಲೆಕ್ಕದಂತೆ ಒಂದು ತಪ್ಪಿದರೂ ಯಂತ್ರ ಒಪ್ಪುವುದಿಲ್ಲ.

ಹಳೆಯ ಗುರುತು ಸಿಕ್ಕದಿದ್ದರೆ ಹೊಸದೊಂದನ್ನು ಕಲ್ಪಿಸಿ ಕೊಡಬಹುದು, ಯಂತ್ರವೇನೋ ನಡೆದೀತು. ಆದರೆ ಆ ಕಾಲದ ಎಷ್ಟೋ ದುಬಾರಿ ತಂತ್ರಾಂಶಗಳನ್ನು ಆ ಒಂದು ಗುರುತಿಗೇ ಕಟ್ಟಿ ಮಾರಿದ್ದರು. ಗುರುತು ಬೇರೆಯಾದರೆ ಅವು ಬಾಗಿಲು ತೆರೆಯವು. ಒಬ್ಬ ಎಂಜಿನಿಯರು ಹತ್ತು ವರ್ಷ ಬರೆದ ನಕ್ಷೆಗಳು ತಟ್ಟೆಯ ಮೇಲೆ ಹಾಗೆಯೇ ಇದ್ದರೂ, ಅವನ್ನು ಓದಿ ತೋರಿಸುವ ತಂತ್ರಾಂಶ “ನೀನು ಯಾರೋ ನಾನರಿಯೆ” ಎಂದುಬಿಡುತ್ತದೆ. ನಷ್ಟವಾದುದು ಕೆಲವೇ ಅಂಕಿಗಳು. ಮುಚ್ಚಿಹೋದುದು ಒಂದು ಜೀವಮಾನದ ದುಡಿಮೆ.

ಈ ಪುನರುಜ್ಜೀವನ ಸಾಧ್ಯವಾದುದು ಹೇಗೆ? ಯಾರೋ ಬಲ್ಲವರು ಆ ಹದಿನಾರು ಸಂಖ್ಯೆಗಳ ಅರ್ಥವನ್ನು ಬರೆದಿಟ್ಟರು; ಆ ಟಿಪ್ಪಣಿ ಕೈಯಿಂದ ಕೈಗೆ ಸಾಗಿತು. ೧೯೯೩ರಲ್ಲಿ ಮೊದಲಾದ ನೆಟ್‌ಬಿಎಸ್‌ಡಿ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಸ್ವಯಂಸೇವಕರು ಬೆಳೆಸಿದರು. ೨೦೨೪ರಲ್ಲಿ ಹೊರಬಂದ ಅದರ ಹತ್ತನೆಯ ಆವೃತ್ತಿ ಕೂಡ ಈ ಹಳೆಯ ಪೆಟ್ಟಿಗೆಗಳ ಮೇಲೆ ಓಡುತ್ತದೆ. ಮಾಡಿದವನು ಹೋದ ಮೇಲೂ ವಸ್ತು ಬಾಳಬೇಕಾದರೆ, ಅದನ್ನು ಕುರಿತ ತಿಳಿವಳಿಕೆ ಅವನೊಬ್ಬನ ಬಳಿಯಲ್ಲೇ ಉಳಿದಿರಬಾರದು. ಅಜ್ಜಿಯ ಮದ್ದು ಅವರ ಬಾಯಲ್ಲೇ ಉಳಿದು ಅವರೊಡನೆಯೇ ಹೋದ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯವರ ಪ್ರಶ್ನೆಗೆ ಇದೇ ಉತ್ತರ. ಹಳೆಯ ಯಂತ್ರದಿಂದ ಇವರು ಚುರುಕನ್ನು ಬಯಸುತ್ತಿಲ್ಲ. ಬಿಚ್ಚಿ ನೋಡಿ, ಪೂರ್ತಿ ಅರಿತು, ತಮ್ಮದೆನ್ನಬಹುದಾದ ಒಂದು ವಸ್ತುವನ್ನು ಬಯಸುತ್ತಾರೆ. ಬ್ಯಾಟರಿಯನ್ನು ಅಂಟಿನಲ್ಲಿ ಮುಚ್ಚಿ ಮಾರುವ ಪದ್ಧತಿ ನಮ್ಮ ಜೇಬಿನ ಫೋನುಗಳವರೆಗೂ ಬಂದಿರುವಾಗ ಈ ಬಯಕೆ ಸಣ್ಣದೇನೂ ಅಲ್ಲ.

ಓದುಗರಲ್ಲಿ ಯಾರಿಗಾದರೂ ಈ ಹುಚ್ಚು ಹಿಡಿದರೆ ಎರಡು ಮಾತು. ವಿದ್ಯುತ್ ಪೂರೈಕೆಯ ಡಬ್ಬಿಯನ್ನೂ ಹಳೆಯ ಗಾಜಿನ ಪರದೆಯನ್ನೂ ಬಲ್ಲವರಿಲ್ಲದೆ ಬಿಚ್ಚಬೇಡಿ. ತಂತಿ ಕಿತ್ತ ಮೇಲೂ ಅಲ್ಲಿ ಅಪಾಯ ಅಡಗಿರುತ್ತದೆ. ಚಿಪ್ಪಿಗೆ ಅರ ಹಚ್ಚುವ ಮುನ್ನ ಅದರ ಮೇಲಿನ ಚೀಟಿಯನ್ನು ಓದಿ ಬರೆದುಕೊಳ್ಳಿ. ಅನೇಕ ವೇಳೆ ಯಂತ್ರದ ಗುರುತಿನ ಒಂದು ಭಾಗ ಅಚ್ಚಾಗಿರುವುದು ಆ ಚೀಟಿಯ ಮೇಲೆಯೇ.