ಆಲ್ಪ್ಸ್ ಹಾದಿ, ಯಲ್ಲಮ್ಮನ ಹಾದಿ

ಜರ್ಮನಿಯಲ್ಲಿರುವ ನಮ್ಮಕ್ಕನ ಮಗ ಮಾಂಟ್ ಬ್ಲಾಂಕ್ ಪರ್ವತದ ಸುತ್ತ ನಡೆಯೋಕೆ ತಯಾರಿ ನಡೆಸಿದ್ದಾನೆ. ಸುಮಾರು 170 ಕಿಲೋಮೀಟರು, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶದ ನೆಲ, ಹತ್ತು ಹನ್ನೊಂದು ದಿನ. ಟೆಂಟ್ ಹೊರಬೇಕಿಲ್ಲ. ದಿನಾ ಸಂಜೆ ಬೆಟ್ಟದ ಮೇಲಿನ ಒಂದು ವಸತಿಮನೆ ಸೇರಿಕೊಂಡರಾಯಿತು, ಬಿಸಿ ಊಟ, ಸಾಲು ಹಾಸಿಗೆ. ತಿಂಗಳುಗಟ್ಟಲೆ ಮೊದಲೇ ಜಾಗ ಹಿಡಿದಿಡಬೇಕಂತೆ. ಏನೇನು ಒಯ್ಯಬೇಕು ಅನ್ನೋ ಪಟ್ಟಿಯನ್ನ ನನಗೂ ಕಳಿಸಿ, "ಚಿಗವ್ವಾ, ನೋಡು, ಎಷ್ಟು ಪ್ಲ್ಯಾನಿಂಗ್ ಬೇಕಾಗ್ತದ" ಅಂತ ಬರೆದಿದ್ದ.

ನನಗೆ ನಗು ಬಂತು. ಅಪಾರ್ಥ ಮಾಡ್ಕೋಬೇಡಿ, ಅವನ ಮೇಲಲ್ಲ. ಇಷ್ಟೇ ತಯಾರಿಯನ್ನ ನಮ್ಮ ಬೈಲಹೊಂಗಲ, ಕಿತ್ತೂರು ಕಡೆಯ ಹೆಣ್ಣುಮಕ್ಕಳು ಯಾವ ಪಟ್ಟಿಯೂ ಇಲ್ಲದೆ ಪ್ರತಿ ವರ್ಷ ಮಾಡ್ತಾರೆ. ಅದನ್ನ ಯಾರೂ ಪ್ಲ್ಯಾನಿಂಗ್ ಅನ್ನೋದಿಲ್ಲ, "ಭಕ್ತಿ" ಅಂದು ಸುಮ್ಮನಾಗ್ತಾರೆ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂತು ಅಂದರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಡ್ಕೊಂಡು ಹೋಗೋರ, ಚಕ್ಕಡಿ ಕಟ್ಟೋರ ಮನೆಗಳಲ್ಲಿ ರೊಟ್ಟಿ ಬಡಿಯೋ ಸದ್ದು ಶುರು. ಮೆತ್ತನೆ ರೊಟ್ಟಿ ನಡೆಯೋದಿಲ್ಲ, ಕಟಕ್ ಅನ್ನೋ ಹಾಗೆ ಒಣಗಿಸಬೇಕು, ವಾರವಾದರೂ ಕೆಡಬಾರದು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಹೊಸ ಚಪ್ಪಲಿ ಹಾಕಿ ಹೊರಟವಳಿಗೆ ಹಿರಿಯರು ಬೈದೇ ಬೈತಾರೆ, ಹಳೇದೇ ಆಗಬೇಕು. ಜನವರಿ-ಫೆಬ್ರುವರಿಯ ರಾತ್ರಿ ಹೊಲದ ಬಯಲಲ್ಲಿ ಥಂಡಿ, ಮಧ್ಯಾಹ್ನ ಬಿಸಿಲು. ಅದಕ್ಕೇ ಹೊದಿಯೋಕೆ ಕೌದಿ, ನಸುಕಿನಲ್ಲೇ ಎದ್ದು ನಡಿಗೆ, ಹೊತ್ತೇರಿದ ಮೇಲೆ ಗಿಡದ ನೆರಳು. ಪಡಲಗಿ ತುಂಬಿಸೋ ಸಾಮಾನು ಬೇರೆ ಗಂಟು, ಅದನ್ನ ದಾರಿಯಲ್ಲಿ ಯಾರೂ ಮುಟ್ಟೋ ಹಾಗಿಲ್ಲ. ಆಲ್ಪ್ಸ್ ಪಟ್ಟಿಯಲ್ಲಿರೋ ಸಂಗತಿಗಳೇ ಹೌದಲ್ಲ? ಪಳಗಿದ ಬೂಟು, ಹಗುರ ಊಟ, ಬೆಚ್ಚನೆ ಹೊದಿಕೆ, ಬೇಗ ಹೊರಡು.

ವ್ಯತ್ಯಾಸ ಇರೋದು ಸಂಜೆಗೆ. ಅವನಿಗೆ ದಿನದ ಕೊನೆಗೆ ಒಂದು ಸೂರು, ನೀರು, ಸಂಡಾಸು ಇದೆ ಅನ್ನೋ ಭರವಸೆ. ನಮ್ಮವರಿಗೆ ಯಾವುದೋ ಗುಡಿಯ ಕಟ್ಟೆ, ಮಠದ ಅಂಗಳ, ಪುಣ್ಯವಂತರ ಹೊಲದ ಕಣ. ಕರೆದು ಊಟಕ್ಕಿಡೋ ಊರುಗಳಿವೆ, ಅದನ್ನ ಮರೆತರೆ ಪಾಪ ತಟ್ಟೀತು! ಆದರೆ ನಾನು ನಡೆದಾಗ ಪಕ್ಕದಲ್ಲಿದ್ದ ಹಿರಿಯಾಕೆಗೆ ನೀರಿನ ಬಾಟಲಿ ಚಾಚಿದೆ. "ಬ್ಯಾಡ ತಂಗೆವ್ವ, ಕುಡದರ ಎಲ್ಲಿಗಿ ಹೋಗೂದು?" ಅಂದಳು. ಬಿಸಿಲಲ್ಲಿ ಇಡೀ ದಿನ ಬಾಯಿ ಒಣಗಿಸಿಕೊಂಡು ನಡೆಯೋದು, ಕತ್ತಲಾಗೋದನ್ನ ಕಾಯೋದು. ಇದನ್ನ ಭಕ್ತಿಯ ಲೆಕ್ಕಕ್ಕೆ ಹಾಕೋಕೆ ನಾನು ತಯಾರಿಲ್ಲ.

2024ರಲ್ಲಿ ಕೇಂದ್ರ ಸರ್ಕಾರ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ನೂರು ಕೋಟಿ ಮಂಜೂರು ಮಾಡಿತು. ಸಂತೋಷ. ಗುಡ್ಡದ ಮೇಲೆ ಬೇಕಾದ್ದು ಬೇಕಾದಷ್ಟಿದೆ. ಆದರೆ ಜಾತ್ರೆ ಅನ್ನೋದು ಗುಡ್ಡದ ಮೇಲೆ ಶುರುವಾಗೋದಲ್ಲ, ಜೋಗುಳಬಾವಿಯಲ್ಲಿ ಮೀಯೋದಕ್ಕೂ ಎರಡು ಮೂರು ದಿನ ಮೊದಲೇ ಮನೆಯ ಹೊಸ್ತಿಲಲ್ಲಿ ಶುರುವಾಗ್ತದೆ. ಆ ಹಾದಿಗೆ ಯಾರು ದಿಕ್ಕು? ರಾತ್ರಿ ಕಬ್ಬಿನ ಟ್ರ್ಯಾಕ್ಟರು, ಲಾರಿ ಓಡಾಡೋ ರಸ್ತೆಯ ಅಂಚಿನಲ್ಲೇ ಜನ, ಮಕ್ಕಳು, ಎತ್ತು. ಚಕ್ಕಡಿಯ ಹಿಂದೆ ಹೊಳೆಯೋ ಪಟ್ಟಿ ಅಂಟಿಸೋಕೆ ಎಷ್ಟು ಕೋಟಿ ಬೇಕು ಹೇಳಿ :-)

ಇನ್ನೊಂದು ಆಸೆ, ಸ್ವಲ್ಪ ಸ್ವಾರ್ಥದ್ದು. ಇದೇ ಹಾದಿಯನ್ನ ಎರಡೂ ತುದಿಗೆ ಎಳೆದರೆ ಎಂಥ ನಡಿಗೆ ಆಗ್ತದೆ ನೋಡಿ. 1824ರ ಯುದ್ಧ ಕಂಡ ಕಿತ್ತೂರು ಕೋಟೆಯಿಂದ ಹೊರಟು, ಮಲಪ್ರಭೆಯ ದಂಡೆಯ ಸಂಗೊಳ್ಳಿ, ರಾಯಣ್ಣನ ಊರು. ಅಲ್ಲಿಂದ ಬೈಲಹೊಂಗಲ, 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಚೆನ್ನಮ್ಮನ ಸಮಾಧಿ. ಆಮೇಲೆ ಸವದತ್ತಿ, ಗುಡ್ಡ, ಹೊಳೆ ಬೆಟ್ಟ ಸೀಳಿಕೊಂಡು ಹೋಗೋ ನವಿಲುತೀರ್ಥ, ಮುನವಳ್ಳಿ. ಕೊನೆಗೆ ರಾಮದುರ್ಗ, ಕಾಲಲ್ಲಿ ಕಸುವಿದ್ದರೆ ಸುರೇಬಾನದ ಹತ್ತಿರದ ಶಬರಿ ಕೊಳ್ಳ. ಹತ್ತಿರ ಹತ್ತಿರ ನೂರು ಕಿಲೋಮೀಟರು, ಐದಾರು ದಿನ. ಸಂಗೊಳ್ಳಿಯಲ್ಲಿ ಕಂಡ ಹೊಳೆಯೇ ರಾಮದುರ್ಗದಲ್ಲೂ ಸಿಗ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ, 2019ರ ಆಗಸ್ಟಿನಲ್ಲಿ ಆ ಹೊಳೆ ಮುನವಳ್ಳಿಗೆ, ರಾಮದುರ್ಗಕ್ಕೆ ಏನು ಮಾಡಿತು ಅನ್ನೋದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇದಕ್ಕೆ ರೆಸಾರ್ಟು ಬೇಡ, ದಯವಿಟ್ಟು. ಹತ್ತು ಹನ್ನೆರಡು ಕಿಲೋಮೀಟರಿಗೊಂದು ತಗಡಿನ ಸೂರು, ನಳ, ಒಳಗಿನಿಂದ ಚಿಲಕ ಬೀಳೋ ಸಂಡಾಸು, ರಾತ್ರಿ ಒಂದು ದೀಪ. ನೋಡಿಕೊಳ್ಳೋಕೆ ಆಯಾ ಊರಿನ ಸ್ತ್ರೀಶಕ್ತಿ ಸಂಘ. ತಲೆಗೆ ಇಷ್ಟು ಅಂತ ಊಟಕ್ಕೆ ದುಡ್ಡು ತಗೊಳ್ಳಲಿ, ಆಲ್ಪ್ಸ್‌ನಲ್ಲೂ ಪುಕ್ಕಟೆ ಹಾಕೋದಿಲ್ಲ. ಜಾತ್ರೆಯ ದಿನಗಳಲ್ಲಿ ಭಕ್ತರಿಗೆ, ಉಳಿದ ದಿನ ನನ್ನಂಥ ನಡಿಗೆ ಹುಚ್ಚಿನವರಿಗೆ. ಮೊದಲ ವರ್ಷ ಬೈಲಹೊಂಗಲ-ಸವದತ್ತಿ ನಡುವೆ ಮೂರು ಕಟ್ಟಿದರೂ ಸಾಕು, ಚಿಲಕದ ಸಂಡಾಸಿನಿಂದಲೇ ಶುರು ಮಾಡಿ.